ಎಡ ಹೆಗಲು ನೋಯುತ್ತಿದ್ದ ಮಳೆಗಾಲ

ಕಳೆದ ತಿಂಗಳು ಮಣಿಪಾಲಕ್ಕೆ ಹೋಗಿದ್ದೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಗಿರಿಜಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ನೋಡಿಕೊಂಡು ಬರೋಣ ಎಂದು. ಆಸ್ಪತ್ರೆಯ ಲಿಫ್ಟಿನಲ್ಲಿ ಯಾರೋ ಯಾವುದೋ ಗುಂಡಿ ಒತ್ತಿದರು, ನಾನು ಗಮನಿಸದೆ ನೆಲಮಾಳಿಗೆಯಲ್ಲಿ ಇಳಿದುಬಿಟ್ಟೆ. ಇಳಿದದ್ದೇ ಆ ವಾಸನೆ ಬಂತು. ಬಿಸಿನೀರಿನ ತೊಟ್ಟಿಯಿಂದ ಆಗಷ್ಟೇ ತೆಗೆದ ದಪ್ಪ ಬಟ್ಟೆಯ ಪ್ಯಾಕು, ಅದಕ್ಕೆ ಸುತ್ತಿದ ಒದ್ದೆ ಟವೆಲು, ಎರಡರ ನಡುವೆ ಎಲ್ಲೋ ನೋವಿನ ಮುಲಾಮು. ಗೋಡೆಗೆ ಬೇರೆ ಬಣ್ಣ ಬಂದಿತ್ತು, ಕುರ್ಚಿಗಳು ಹೊಸವು. ಮೂಗಿಗೆ ಮಾತ್ರ ಏನೂ ಬದಲಾಗಿರಲಿಲ್ಲ. ಇದ್ದಕ್ಕಿದ್ದ ಹಾಗೆ ಎಷ್ಟು ಸುಸ್ತಾಯಿತೆಂದರೆ, ಗಿರಿಜಕ್ಕನಿಗೆಂದು ತಂದಿದ್ದ ಕಿತ್ತಳೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಒಂದು ಕುರ್ಚಿಯಲ್ಲಿ ಕುಳಿತೆ.

ನಾಲ್ಕು ವರ್ಷದ ಹಿಂದೆ, ಜುಲೈ ನಡುವಿಗೆ ಹಿಡಿಯುವ ಆಟಿ ತಿಂಗಳ ಮಳೆಯಿಂದ ಹಿಡಿದು ಡಿಸೆಂಬರ್‌ವರೆಗೆ, ವಾರಕ್ಕೆ ಎರಡು ದಿನ ನಾನು ಈ ವಾಸನೆಯ ನಡುವೆ ಕುಳಿತಿದ್ದೆ. ನನ್ನ ಯಜಮಾನರ ಎಡ ಹೆಗಲಿಗಾಗಿ.

ಅವರ ಹೆಸರು ಸದಾನಂದ. ಉಡುಪಿ–ಕಾರ್ಕಳ ಓಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು. ಎಡಗೈಯನ್ನು ಮೇಲಿನ ಸರಳಿಗೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಟಿಕೆಟ್ ಹರಿಯುತ್ತಾ, ತುಂಬಿದ ಬಸ್ಸಿನ ಹಿಂದಿನಿಂದ ಮುಂದಕ್ಕೆ ಅವರು ಬರುತ್ತಿದ್ದ ರೀತಿಯನ್ನು ಆ ದಾರಿಯ ಜನ ಈಗಲೂ ಹೇಳುತ್ತಾರೆ. ಆ ವರ್ಷ ಮೇ ಕೊನೆಯ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟು ವಾಚು ಕಟ್ಟಿಕೊಳ್ಳುತ್ತಿದ್ದರು. ವಾಚು ಎರಡು ಸಲ ನೆಲಕ್ಕೆ ಬಿತ್ತು. ಮೂರನೆಯ ಸಲ ಎಡಗೈಯನ್ನು ಬಲಗೈಯಿಂದ ಎತ್ತಿ ನೋಡಿ, "ಇದು ಯಾರ ಕೈ ಮಾರಾಯ್ತಿ?" ಎಂದು ಕೇಳಿದರು. ತಮಾಷೆ ಎಂದುಕೊಂಡೆ. ಮುಖ ನೋಡಿದರೆ ಬಾಯಿ ಒಂದು ಬದಿಗೆ ಜಾರಿತ್ತು.

ಪಾರ್ಶ್ವವಾಯು ಎಂದರು. ಹತ್ತು ದಿನ ಮಣಿಪಾಲದ ಆಸ್ಪತ್ರೆಯಲ್ಲಿದ್ದೆವು. ಬಾಯಿ ನೇರವಾಯಿತು, ಎಡಗಾಲಿಗೆ ಸ್ವಲ್ಪ ಬಲ ಬಂತು, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುವಷ್ಟಾದರು. ಕೈ ಮಾತ್ರ ತೋಳಿನಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಮನೆಗೆ ಕಳಿಸುವ ದಿನ ನರ್ಸ್ ಒಬ್ಬರು ಚಿತ್ರಗಳಿದ್ದ ಒಂದು ಹಾಳೆ ಕೊಟ್ಟು, ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಬೇಕು ಎಂದೆಲ್ಲ ಹೇಳಿದರು. ನಾನು ತಲೆಯಾಡಿಸಿದೆ. ನನ್ನ ಕಿವಿ ಅಲ್ಲಿರಲಿಲ್ಲ. ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ಮುಂಬಯಿಯಿಂದ ನಮ್ಮಲ್ಲಿಗೆ ಬರಬೇಕಾಗಿದ್ದವಳು. "ಬರಬೇಡ ಮಗಾ, ಅಲ್ಲೇ ಮಾಡಿಸಿಕೊ" ಎಂದು ಆಗಷ್ಟೇ ಫೋನಿನಲ್ಲಿ ಹೇಳಿ ಮುಗಿಸಿದ್ದೆ. ಹಾಳೆ ಫೈಲಿನೊಳಗೆ ಹೋಯಿತು, ಫೈಲು ಕಪಾಟಿನೊಳಗೆ.

ನಮ್ಮದು ಕಾಪು. ಪೇಟೆಯಿಂದ ಕಡಲಿಗೆ ಹೋಗುವ ದಾರಿಯಲ್ಲಿ ಹೆಂಚಿನ ಸಣ್ಣ ಮನೆ. ನಾನು ಕಲಿಸುವ ಪ್ರಾಥಮಿಕ ಶಾಲೆಗೆ ಏಳು ನಿಮಿಷದ ನಡಿಗೆ. ಆ ವರ್ಷ ಜೂನ್ ಮೊದಲ ವಾರ ಹಿಡಿದ ಮಳೆ ಬಿಡಲಿಲ್ಲ. ಹಾಸಿಗೆಯ ಬಟ್ಟೆ ದಿನಕ್ಕೆ ಎರಡು ಸಲ ಒಗೆಯಬೇಕು, ಒಣಗುವುದಿಲ್ಲ. ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಒಲೆಯ ಬಿಸಿಗೆ ಒಣಗಿಸಿದರೆ ಹೊದಿಕೆಗೆಲ್ಲ ಒಗ್ಗರಣೆಯ ವಾಸನೆ. ಐದು ಗಂಟೆಗೆ ಎದ್ದು ಅವರನ್ನು ಎಬ್ಬಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಸ್ನಾನ, ತಿಂಡಿ, ಮಾತ್ರೆ, ಒಂಬತ್ತೂವರೆಗೆ ಶಾಲೆ. ಮಧ್ಯಾಹ್ನ ಓಡಿಬಂದು ಊಟ ಬಡಿಸಿ ಮತ್ತೆ ಶಾಲೆ. ನಾಲ್ಕನೇ ತರಗತಿಯ ಮಕ್ಕಳು ಮಗ್ಗಿ ಹೇಳುವಾಗ ನಾನು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ.

ಅವರನ್ನು ಎಬ್ಬಿಸುವುದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡಿದ್ದೆ. ಮಂಚದ ಬಲಬದಿ ಗೋಡೆಗೆ ತಾಗಿತ್ತು, ಹಾಗಾಗಿ ನಾನು ನಿಲ್ಲುವುದು ಅವರ ಎಡಕ್ಕೆ. ಒಂದು ಕೈ ಅವರ ಕಂಕುಳಿಗೆ ಹಾಕಿ, ಇನ್ನೊಂದರಲ್ಲಿ ಅವರ ಎಡ ಮಣಿಕಟ್ಟು ಹಿಡಿದು, "ಒಂದು, ಎರಡು, ಮೂರು" ಎಂದು ಎಳೆದರೆ ಎದ್ದು ಕೂರುತ್ತಿದ್ದರು. ಎಪ್ಪತ್ತು ಕಿಲೋದ ಗಂಡಸನ್ನು ಒಬ್ಬಳೇ ಎಬ್ಬಿಸುತ್ತೇನೆ ಎಂದು ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡು ವಾರದಲ್ಲಿ ನೋವು ಶುರುವಾಯಿತು. ಮೊದಲು ಹೆಗಲಿನ ಮುಂದೆ, ಆಮೇಲೆ ತೋಳಿಗೆ ಇಳಿಯಿತು. ಅಂಗಿ ಹಾಕಿಸುವಾಗ ಕಿರುಚುತ್ತಿದ್ದರು. ಎಡಕ್ಕೆ ಹೊರಳಿದರೆ ಎಚ್ಚರ, ಅವರಿಗೆ ಎಚ್ಚರವಾದರೆ ನನಗೂ ಎಚ್ಚರ. ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಇವರ ಅಣ್ಣ, ನನ್ನ ಶೇಖರ ಭಾವ, ಒಂದು ಭಾನುವಾರ ರಾಟೆ ಮತ್ತು ನೈಲಾನ್ ಹಗ್ಗ ತಂದು ಪಡಸಾಲೆಯ ಜಂತಿಗೆ ಕಟ್ಟಿದರು. ಎಡಗೈಯನ್ನು ಹಗ್ಗದ ಒಂದು ತುದಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಎಳೆಯುವುದು. ಎಡಗೈ ತಲೆಯ ಮೇಲಕ್ಕೆ ಹೋಗುತ್ತದೆ.

"ಸುಮ್ಮನೆ ಬಿಟ್ರೆ ಕೈ ಮರಗಟ್ತದೆ ಸದಾ. ದಿನಕ್ಕೆ ಐವತ್ತು ಸಲ ಎಳಿ," ಎಂದರು ಭಾವ.

"ನೋಯ್ತದೆ ಅಣ್ಣ."

"ನೋಯದೆ ಗುಣ ಆಗ್ತದಾ?"

ಇವರು ಹಲ್ಲು ಕಚ್ಚಿ ಎಳೆದರು. ಭಾವ ಎಣಿಸಿದರು. ಕಣ್ಣಲ್ಲಿ ನೀರು ಬಂದಾಗ ಇಬ್ಬರೂ ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿದರು. ಎಂಟು ದಿನ ಹಾಗೆ ಎಳೆದ ಮೇಲೆ ಹೊದಿಕೆ ತಾಗಿದರೂ ಕೂಗುವ ಹಾಗಾಯಿತು. ಮಣಿಪಾಲದಲ್ಲಿ ಮೊದಲೇ ಹೇಳಿದ್ದರು, ವ್ಯಾಯಾಮಕ್ಕೆ ಬನ್ನಿ ಎಂದು. ಮಳೆ, ಶಾಲೆ, ರಿಕ್ಷಾ ಎಂದು ಮುಂದೂಡಿದ್ದೆವು. ಈಗ ಹೊರಟೆವು.

ನಮಗೆ ಸಿಕ್ಕಿದ್ದು ರೇಣುಕಾ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿ. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಇವಳು ಮಣಿಪಾಲದ ಬದಿಯಲ್ಲೇ ಶಾಲೆ ಕಲಿತು, ಇಲ್ಲೇ ಓದಿ ಕೆಲಸಕ್ಕೆ ಸೇರಿದವಳು. ನಮ್ಮ ಹಾಗೆಯೇ 'ಎಂತ', 'ಉಂಟು' ಎಂದು ಮಾತಾಡುತ್ತಿದ್ದಳು. ಗಾಬರಿಯಾದಾಗ ಮಾತ್ರ ಮನೆಯ ಮಾತು ಹೊರಗೆ ಬೀಳುತ್ತಿತ್ತು. ಅದು ಮೊದಲ ದಿನವೇ ಗೊತ್ತಾಯಿತು.

ಅವಳು ಇವರ ಅಂಗಿ ಬಿಚ್ಚಿಸಿ, ಹೆಗಲಿನ ಮೂಳೆಯ ಕೆಳಗೆ ಬೆರಳಿಟ್ಟಳು. "ಟೀಚರ್, ಇಲ್ಲಿ ಮುಟ್ಟಿ ನೋಡಿ. ಸಣ್ಣ ಹೊಂಡ ಉಂಟಲ್ವಾ? ಕೀಲನ್ನು ಹಿಡಿದಿಡುವ ಸ್ನಾಯುಗಳಿಗೆ ಈಗ ಶಕ್ತಿ ಇಲ್ಲ. ಕೈಯ ಭಾರಕ್ಕೇ ಕೀಲು ಕೆಳಗೆ ಜಾರ್ತದೆ."

ನನ್ನ ಬೆರಳು ಆ ಹೊಂಡದೊಳಗೆ ಕುಳಿತಿತು.

"ಬೆಳಿಗ್ಗೆ ಅಂಕಲನ್ನು ಹೇಗೆ ಎಬ್ಬಿಸ್ತೀರಿ? ಒಮ್ಮೆ ತೋರಿಸಿ."

ನಾನು ಉತ್ಸಾಹದಿಂದಲೇ ತೋರಿಸಲು ಹೋದೆ. ಅವರನ್ನು ಮಲಗಿಸಿ, ಎಡಕ್ಕೆ ನಿಂತು, ಕಂಕುಳಿಗೆ ಕೈ ಹಾಕಿ, ಮಣಿಕಟ್ಟು ಹಿಡಿದು, "ಒಂದು, ಎರಡು..."

"ಏ, ಜಗ್ಗಬ್ಯಾಡ್ರೀ! ಬಿಡ್ರಿ, ಕೈ ಬಿಡ್ರಿ!"

ಆ ಉದ್ದನೆಯ ಕೋಣೆಯಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ನನ್ನ ಕೈ ತಾನಾಗಿ ಬಿಟ್ಟಿತು. ರೇಣುಕಾ ಇವರ ಕೈಯನ್ನು ದಿಂಬಿನ ಮೇಲಿಟ್ಟು ಮೆಲ್ಲ ಹೇಳಿದಳು, "ಬೇಜಾರು ಮಾಡ್ಬೇಡಿ ಟೀಚರ್. ಮನೆಯಲ್ಲಿ ತುಂಬಾ ಜನ ಹೀಗೇ ಮಾಡ್ತಾರೆ."

"ನೋವು ಇದರಿಂದ ಬಂದದ್ದಾ?" ಎಂದು ಕೇಳಿದೆ.

"ಇದೊಂದರಿಂದಲೇ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಆದ್ರೆ ಹೀಗೆ ಎಳೆದ್ರೆ ಜಾಸ್ತಿ ಆಗ್ತದೆ. ಇನ್ನು ಎಳೀಬಾರದು." ಸುಳ್ಳು ಸಮಾಧಾನ ಹೇಳಲಿಲ್ಲ ಅವಳು. ರಾಟೆಯ ವಿಷಯ ಕೇಳಿ ಹಣೆ ಒತ್ತಿಕೊಂಡಳು. "ಅದನ್ನು ಇವತ್ತೇ ಇಳಿಸಿ."

ಮನೆಗೆ ಬಂದು ಕಪಾಟಿನಿಂದ ಫೈಲು ತೆಗೆದೆ. ಹಾಳೆಯ ಎರಡನೆಯ ಚಿತ್ರದಲ್ಲಿ ಒಬ್ಬ ಹೆಂಗಸು ಮಲಗಿದವನ ಕೈ ಹಿಡಿದು ಎಳೆಯುತ್ತಿದ್ದಳು. ಅವಳ ಮೇಲೆ ಕೆಂಪು ಬಣ್ಣದ ದೊಡ್ಡ ಅಡ್ಡಗೆರೆ ಎಳೆದಿತ್ತು.

ರಾಟೆಯ ವಿಷಯವನ್ನು ಭಾವನಿಗೆ ಹೇಳುವುದು ಹೇಗೆ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಫೋನಿನಲ್ಲಿ ಹೇಳಿದೆ. ಅವರು ಫೋನಿಟ್ಟರು. ಮರುದಿನ ಅಂಗಡಿಗೆ ಬಾಗಿಲು ಹಾಕಿ ಬಂದು, ಸ್ಟೂಲು ಹತ್ತಿ ತಾವೇ ಬಿಚ್ಚಿದರು. "ನಾನೇ ಹಾಕಿದ್ದಲ್ವಾ, ನಾನೇ ಇಳಿಸ್ತೇನೆ," ಎಂದರು. ಬಲಬದಿಯಲ್ಲಿ ಜಾಗ ಆಗಲೆಂದು ಮಂಚವನ್ನು ಗೋಡೆಯಿಂದ ಈಚೆ ಎಳೆಯಲೂ ಸಹಾಯ ಮಾಡಿದರು. ಚಹಾ ಕುಡಿಯದೆ ಹೋದರು.

ಅಲ್ಲಿಂದ ವಾರಕ್ಕೆ ಎರಡು ಮಧ್ಯಾಹ್ನ ಮಣಿಪಾಲ. ನಾನು ಅರ್ಧ ದಿನದ ರಜೆ ಹಾಕುತ್ತಿದ್ದೆ. ಹೆಗಲಿಗೆ ಹದ ಬಿಸಿಯ ಪ್ಯಾಕು, ಇವರ ಎಡಭಾಗಕ್ಕೆ ಬಿಸಿ ಸರಿಯಾಗಿ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಮೊದಲು ಬಲಗೈಗೆ ಮುಟ್ಟಿಸಿ ನೋಡುವುದು. ಆಮೇಲೆ ಸ್ನಾಯು ಸಣ್ಣಗೆ ಅದುರುವ ಹಾಗೆ ಕರೆಂಟು. ಹೆಗಲಿಗೆ ಆಧಾರವಾಗಿ ಅಂಟುಪಟ್ಟಿ. ಮನೆಯಲ್ಲಿ ಕುಳಿತಾಗ ಕೈಯ ಕೆಳಗೆ ದಿಂಬು, ನಡೆಯುವಾಗ ಕೈಯನ್ನು ಹೊರಲು ಕೊರಳಿಗೆ ಪಟ್ಟಿ, ಅಂಗಿ ಹಾಕುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮೇಜಿನ ಮೇಲೆ ಟವೆಲು ಹಾಸಿ, ಎರಡೂ ಕೈಯ ಬೆರಳು ಹೆಣೆದು ಅದರ ಮೇಲಿಟ್ಟು, ಟವೆಲನ್ನು ಮೆಲ್ಲ ಮುಂದಕ್ಕೆ ನೂಕುವುದು, ನೋವು ಬರುವಲ್ಲಿಗೆ ನಿಲ್ಲಿಸುವುದು. "ನೋವು ದಾಟ್ಲಿಕ್ಕಿಲ್ಲ ಅಂಕಲ್. ಇಲ್ಲಿ ಧೈರ್ಯ ತೋರಿಸುವುದು ಬೇಡ," ಎಂದು ರೇಣುಕಾ ಪ್ರತಿ ಸಲ ಹೇಳುತ್ತಿದ್ದಳು.

ನೋವು ಹತ್ತರಲ್ಲಿ ಎಷ್ಟು ಎಂದು ಅವಳು ಕೇಳಿದರೆ ಇವರಿಗೆ ಅಂಕೆ ಬಾಯಿಗೆ ಬರುತ್ತಿರಲಿಲ್ಲ. ಒಂದು ದಿನ, "ಉಡುಪಿ ಸೊನ್ನೆ, ಕಾರ್ಕಳ ಹತ್ತು. ಇವತ್ತು ಬೈಲೂರು ದಾಟಿದೆ," ಎಂದರು. ಬೈಲೂರು ಎಂದರೆ ಕಾರ್ಕಳ ಬರಲಿಕ್ಕಾಯಿತು ಎಂದು. ಅವಳು ನಕ್ಕು ಹಾಗೇ ಬರೆದುಕೊಂಡಳು. ಅವಳ ಹತ್ತಿರ ನಗಿಸುವ ಮಾತಾಡುತ್ತಿದ್ದರು. ನನ್ನ ಹತ್ತಿರ ಇಲ್ಲ.

ಮನೆಯಲ್ಲಿ ನಾನು ಹತ್ತಿರ ಹೋದರೆ, "ಮುಟ್ಬೇಡ, ಮತ್ತೆ ಎಳೀತಿ," ಎನ್ನುತ್ತಿದ್ದರು. ರೇಣುಕಾ ತೋರಿಸಿದ ಹಾಗೆ ಬೆನ್ನಿನ ಹಿಂದೆ, ಹೆಗಲ ಮೂಳೆಯ ಬಳಿ ಅಂಗೈ ಇಟ್ಟರೂ ಹಾಗೇ. ನೋಡಲು ಬಂದವರಿಗೆಲ್ಲ ಒಂದೇ ಕತೆ. ಆಗಸ್ಟಿನಲ್ಲಿ ಬಸ್ಸಿನವರು ನಾಲ್ಕು ಜನ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು. ನಾನು ಚಹಾ ತರುವಾಗ ಇವರು ಹೇಳುತ್ತಿದ್ದರು, "ಡಾಕ್ಟ್ರು ಸರಿ ಮಾಡಿಯೇ ಕಳಿಸಿದ್ದು. ಇವಳು ದಿನಾ ಎಳೆದು ಎಳೆದು ಕೈ ಹಾಳು ಮಾಡಿದ್ಳು." ಬಂದವರು ಎಲ್ಲಿ ನೋಡಬೇಕೆಂದು ತಿಳಿಯದೆ ಬಿಸ್ಕತ್ತಿನ ತಟ್ಟೆ ನೋಡಿದರು. ನಾನು ಲೋಟಗಳನ್ನು ಒಂದೊಂದಾಗಿ ಕೊಟ್ಟೆ.

ಅದರ ನಂತರದ ಶನಿವಾರ. ಶಾಲೆ ಅರ್ಧ ದಿನ. ಬೆಳಿಗ್ಗೆಯೇ ಇವರ ಊಟ ಮೇಜಿನ ಮೇಲೆ ಮುಚ್ಚಿಟ್ಟು ಹೋಗಿದ್ದೆ. ಗೇಟಿನಿಂದ ಹೊರಗೆ ಬಂದು ಮನೆಯ ಕಡೆ ತಿರುಗಬೇಕಾದವಳು ತಿರುಗಲಿಲ್ಲ. ಹೆದ್ದಾರಿಗೆ ಹೋಗಿ ನಿಂತೆ. ಉಡುಪಿಯ ಬಸ್ಸು ಬಂತು, ಹತ್ತಿದೆ. ಉಡುಪಿಯಲ್ಲಿ ಇಳಿದರೆ ಎದುರಿಗೇ ಕಾರ್ಕಳದ ಬಸ್ಸು; ಅದನ್ನೂ ಹತ್ತಿದೆ. ಕಂಡಕ್ಟರ್ ಪ್ರವೀಣ, ಇವರ ಕೈಕೆಳಗೆ ಕೆಲಸ ಕಲಿತವನು. "ಟೀಚರಕ್ಕ, ಸದಣ್ಣ ಹೇಗಿದ್ದಾರೆ?" ಎಂದ. "ಇದ್ದಾರೆ," ಎಂದೆ. ಪರ್ಕಳ ದಾಟಿದ್ದು ಗೊತ್ತಿಲ್ಲ. ಕಿಟಕಿಗೆ ತಲೆ ಇಟ್ಟು ಹಾಗೇ ಬಿದ್ದುಕೊಂಡಿದ್ದೆ. ಅಷ್ಟು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

"ಟೀಚರಕ್ಕ, ಕಾರ್ಕಳ ಬಂತು. ಭಾವನ ಮನೆಗಲ್ವಾ?"

"ಅಲ್ಲ. ಇದೇ ಬಸ್ಸು ಎಷ್ಟು ಹೊತ್ತಿಗೆ ವಾಪಸ್?"

"ಹತ್ತು ನಿಮಿಷ ಉಂಟು."

"ಹಾಗಾದ್ರೆ ನಾನು ಇಳಿಯುವುದಿಲ್ಲ."

ಪ್ರವೀಣ ನನ್ನ ಮುಖ ನೋಡಿದ. ಮಳೆ ಒಳಗೆ ಬರದ ಹಾಗೆ ನನ್ನ ಕಿಟಕಿಯ ಟರ್ಪಾಲು ಇಳಿಸಿ, ಕೊಕ್ಕೆ ಹಾಕಿ ಹೋದ. ಉಡುಪಿವರೆಗೆ ಮತ್ತೆ ಮಲಗಿದೆ.

ಮನೆ ತಲುಪುವಾಗ ಐದೂವರೆ. ಕರೆಂಟು ಇರಲಿಲ್ಲ. ಇವರು ಬೆಳಿಗ್ಗೆ ಕೂರಿಸಿದ ಕುರ್ಚಿಯಲ್ಲೇ ಇದ್ದರು. ಲುಂಗಿ ಒದ್ದೆಯಾಗಿ, ಕುರ್ಚಿಯ ಕೆಳಗೂ ಒದ್ದೆ. ಏಳಲು ನೋಡಿದ್ದಿರಬೇಕು, ದಿಂಬು ನೆಲದಲ್ಲಿ ಬಿದ್ದಿತ್ತು. ಮುಚ್ಚಿಟ್ಟ ಊಟ ಹಾಗೇ ಇತ್ತು. ನನ್ನ ಫೋನು ಶಾಲೆಯ ಹೊತ್ತಿನಿಂದ ಸದ್ದಿಲ್ಲದೆ ಚೀಲದೊಳಗಿತ್ತು. ಅವರು ನಾಲ್ಕು ಸಲ ಕರೆ ಮಾಡಿದ್ದರು.

ಬೈಯುತ್ತಾರೆ ಎಂದು ನಿಂತೆ. ಬೈದರೆ ನಾನೂ ಬೈಯುವವಳಿದ್ದೆ.

"ಎಲ್ಲಿಗೆ ಹೋಗಿದ್ದೆ?"

"ಕಾರ್ಕಳಕ್ಕೆ."

"ಅಣ್ಣನ ಮನೆಗಾ?"

"ಅಲ್ಲ. ನಿಮ್ಮ ಬಸ್ಸಲ್ಲಿ ಹೋದೆ, ಅದೇ ಬಸ್ಸಲ್ಲಿ ಬಂದೆ."

"ಎಂತಕ್ಕೆ?"

"ನಿದ್ದೆ ಮಾಡ್ಲಿಕ್ಕೆ."

ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಆಮೇಲೆ, "ಸೀಟು ಸಿಕ್ಕಿತ್ತಾ?" ಎಂದು ಕೇಳಿದರು.

"ಸಿಕ್ಕಿತು. ಕಿಟಕಿ ಬದಿ."

"ಹ್ಞಾಂ," ಎಂದರು, ಅಷ್ಟೇ. ನಾನು ನೀರು ಬಿಸಿ ಮಾಡಿದೆ. ಎಬ್ಬಿಸಲು ಬೆನ್ನಿಗೆ ಕೈ ಇಟ್ಟಾಗ ಮುಟ್ಟಬೇಡ ಎನ್ನಲಿಲ್ಲ. ತೊಳೆದು, ಒಣಗಿದ ಲುಂಗಿ ಉಡಿಸಿ, ಅನ್ನ ಬಿಸಿ ಮಾಡಿ ಕೊಟ್ಟೆ. ನನ್ನಿಂದ ಅವರು ಅರ್ಧ ದಿನ ಒದ್ದೆಯಲ್ಲಿ ಕುಳಿತರಲ್ಲ ಎಂಬುದು ಈಗಲೂ ನೆನಪಾಗುತ್ತದೆ. ಆ ಬಸ್ಸಿನ ನಿದ್ದೆಯೂ ನೆನಪಾಗುತ್ತದೆ. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಲು ನನಗೆ ಆಗುವುದಿಲ್ಲ.

ಮುಂದಿನ ಬುಧವಾರ ಮಣಿಪಾಲದಲ್ಲಿ ರೇಣುಕಾ ಟವೆಲು ಹಾಸುತ್ತಿದ್ದಳು. ಇವರು ಅವಳನ್ನು ತಡೆದರು. "ಈ ಕೈ ಬರುವಾಗ ಬರ್ಲಿ ಮಗಾ. ಮೊದಲು ನಾನೊಬ್ಬನೇ ಹಾಸಿಗೆಯಿಂದ ಏಳುವುದು ಹೇಗೆ, ಅದು ಹೇಳಿಕೊಡು."

"ಕಲಿಸುವಾ. ಆದ್ರೆ ಇಷ್ಟು ದಿನ ಕೇಳ್ಲಿಲ್ಲ ನೀವು. ಈಗ ಎಂತ ಅರ್ಜೆಂಟ್?"

"ಇವಳಿಗೆ ನಿದ್ದೆ ಇಲ್ಲ."

ನಾನು ಚೀಲದಲ್ಲಿ ಏನನ್ನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

ಅಂದಿನಿಂದ ಎರಡೂ ನಡೆದವು, ಹೆಗಲಿನದ್ದೂ ಏಳುವುದೂ. ನೋಯುವ ಕೈಯನ್ನು ಬಲಗೈಯಿಂದ ಹೊಟ್ಟೆಯ ಮೇಲೆ ತಂದುಕೊಳ್ಳಬೇಕು, ಬಲಕ್ಕೆ ಹೊರಳಬೇಕು, ಕಾಲುಗಳನ್ನು ಮಂಚದಿಂದ ಇಳಿಬಿಡಬೇಕು, ಬಲ ಮೊಣಕೈ ಊರಿ, ಅಂಗೈ ಊರಿ ಮೇಲಕ್ಕೆ ಬರಬೇಕು. ಹೇಳುವುದಕ್ಕೆ ಇಷ್ಟೇ. ಸೆಪ್ಟೆಂಬರ್ ಪೂರ್ತಿ ಅವರು ಮೊಣಕೈವರೆಗೆ ಬಂದು ಮತ್ತೆ ಹಾಸಿಗೆಗೆ ಬೀಳುತ್ತಿದ್ದರು. ಒಮ್ಮೊಮ್ಮೆ ಸಿಟ್ಟಿನಲ್ಲಿ ದಿಂಬು ಎಸೆಯುತ್ತಿದ್ದರು. ಸಿಟ್ಟು ನನ್ನ ಮೇಲೆ ಬರುವುದು ಪೂರ್ತಿ ನಿಂತಿತು ಎಂದೇನೂ ಅಲ್ಲ. ಬಂದವರೆದುರು ನನ್ನ ಕತೆ ಹೇಳುವುದು ಮಾತ್ರ ನಿಂತಿತು. ನೋವು ನಡುದಾರಿಯ ಹಿರಿಯಡ್ಕಕ್ಕೆ ಇಳಿಯುತ್ತಿತ್ತು, ಬೈಲೂರಿಗೆ ಏರುತ್ತಿತ್ತು. ಅಕ್ಟೋಬರಿನಲ್ಲಿ ಬೆರಳುಗಳು ಮಡಚಿಕೊಳ್ಳತೊಡಗಿದವು. ಬಿಡಿಸುವುದು ಇನ್ನೊಂದು ಕೆಲಸವಾಯಿತು. ಆ ತಿಂಗಳಲ್ಲೇ ಮುಂಬಯಿಯಲ್ಲಿ ಮೊಮ್ಮಗಳು ಹುಟ್ಟಿದಳು. ಫೋನಿನಲ್ಲಿ ನೋಡಿದೆವು. ಮಗಳು ಅತ್ತಳು, ನಾನು ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ದೀಪಾವಳಿ ಕಳೆದ ಮೇಲೆ ಮಳೆ ಪೂರ್ತಿ ಬಿಟ್ಟಿತು. ಬಟ್ಟೆಗಳು ಅಂಗಳದಲ್ಲಿ ಒಣಗಿದವು. ಡಿಸೆಂಬರ್ ಹೊತ್ತಿಗೆ ನೋವು ಹೆಚ್ಚಿನ ದಿನ ಉಡುಪಿಗೆ ಹತ್ತಿರದ ಪರ್ಕಳದಿಂದ ಈಚೆಗೇ ಇರುತ್ತಿತ್ತು. ಕೈ ಬಂತೇ ಎಂದು ಜನ ಕೇಳುತ್ತಾರೆ. ಮೊದಲಿನ ಹಾಗೆ ಬರಲಿಲ್ಲ. ಮೇಜಿನ ಮೇಲಿನ ಕಾಗದ ಹಾರದ ಹಾಗೆ ಒತ್ತಿ ಹಿಡಿಯುತ್ತದೆ, ಅಷ್ಟು. ಬಸ್ಸಿಗೆ ಅವರು ಮತ್ತೆ ಹೋಗಲಿಲ್ಲ. ರೇಣುಕಾ ನಮ್ಮನ್ನು ಬೀಳ್ಕೊಡುವ ದಿನ ಇದನ್ನು ನೇರವಾಗಿಯೇ ಹೇಳಿದಳು. "ಇಷ್ಟಕ್ಕೆ ನಿಲ್ಲಬಹುದು ಅಂಕಲ್, ಇನ್ನೂ ಸ್ವಲ್ಪ ಬರಲೂಬಹುದು. ಆದ್ರೆ ನೋವಿಲ್ಲದ ಕೈ ಉಂಟಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಿ." ಇವರು ಬಲಗೈಯನ್ನು ಅವಳ ತಲೆಯ ಮೇಲಿಟ್ಟರು.

ಅದಾಗಿ ನಾಲ್ಕೈದು ದಿನವಾಗಿರಬೇಕು. ಒಂದು ಬೆಳಿಗ್ಗೆ ಎಚ್ಚರವಾದಾಗ ಕೋಣೆಯಲ್ಲಿ ಬೆಳಕಿತ್ತು. ಪಕ್ಕದ ಮಂಚ ಖಾಲಿ. ಬಚ್ಚಲಿನಲ್ಲಿ ಬಿದ್ದಿದ್ದಾರೆ ಎಂದೇ ಓಡಿದೆ. ಅಲ್ಲಿಲ್ಲ. ಪಡಸಾಲೆಗೆ ಬಂದರೆ ಕುರ್ಚಿಯಲ್ಲಿ ಕುಳಿತಿದ್ದರು. ತಾವೇ ಅಂಗಿ ಹಾಕಿಕೊಂಡಿದ್ದರು; ಗುಂಡಿಗಳು ಒಂದೊಂದು ತೂತು ತಪ್ಪಿ, ಕಾಲರಿನ ಒಂದು ಬದಿ ಮೇಲೆ ಹೋಗಿತ್ತು. ಎಡಗೈ ಮಡಿಲಿನ ದಿಂಬಿನ ಮೇಲೆ ಇತ್ತು. ಹಣೆಯಲ್ಲಿ ಬೆವರು.

"ನನ್ನನ್ನು ಕರೀಬಹುದಿತ್ತಲ್ಲ!"

"ಕರೆದ್ರೆ ನೀನು ಏಳ್ತಿದ್ದೆ."

ನಾನು ಗೋಡೆ ಹಿಡಿದು ನಿಂತೆ.

"ಆರೂವರೆ ಆಯ್ತಷ್ಟೆ," ಎಂದರು. "ಹೋಗಿ ಮಲಗು."

"ತಿಂಡಿ ಆಗ್ಬೇಕು, ಶಾಲೆ..."

"ಶಾಲೆ ಎಲ್ಲಿಗೂ ಹೋಗುವುದಿಲ್ಲ. ಹೋಗು ಮಾರಾಯ್ತಿ."

ಹೋಗಿ ಮಲಗಿದೆ. ಬೆಳಕಿಗೆ ಬೆನ್ನು ಹಾಕಿ, ಹೊದಿಕೆ ಕಿವಿಯವರೆಗೆ ಎಳೆದುಕೊಂಡೆ. ಎಷ್ಟೋ ಹೊತ್ತಿನ ಮೇಲೆ, ಬಹಳ ದೂರದಲ್ಲಿ ಎಂಬಂತೆ ನನ್ನ ಫೋನು ಹೊಡೆದುಕೊಂಡಿತು. ಏಳಬೇಕು ಎಂದುಕೊಂಡೆ, ಮೈ ಏಳಲಿಲ್ಲ. ಅವರು ಎತ್ತಿದರು. ಶಾಲೆಯಿಂದ ಹೆಡ್‌ಮಿಸ್ ಇರಬೇಕು.

"ಟೀಚರಾ? ಮಲಗಿದ್ದಾರೆ," ಎನ್ನುತ್ತಿದ್ದರು. "ಇಲ್ಲ, ಜ್ವರ ಎಂತ ಇಲ್ಲ... ಇಲ್ಲ ಮೇಡಂ, ಈಗ ಎಬ್ಬಿಸ್ಲಿಕ್ಕಿಲ್ಲ."